ರಜೆ ಮುಗಿದರೂ ಹೋಗದ ಸುಸ್ತು

2023ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಮ್ಮ ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಶೇ. 96.80. ಮಂಡ್ಯ, ಹಾಸನ ಎಲ್ಲಾ ನಮ್ಮ ಹಿಂದೆ. ಬರದ ಜಿಲ್ಲೆ, ಹಿಂದುಳಿದ ಜಿಲ್ಲೆ ಅಂತಲೇ ಕೇಳಿಸಿಕೊಂಡು ಬೆಳೆದ ನಮಗೆ ಅದು ಸಣ್ಣ ಸಂತೋಷವಲ್ಲ. ರಜೆಯಲ್ಲಿದ್ದರೂ ಶಾಲೆಗೆ ಹೋಗಿ ಸಿಹಿ ಹಂಚಿಕೊಂಡೆವು.

ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಇಡೀ ರಾಜ್ಯದ ಫಲಿತಾಂಶವೇ ಶೇ. 83.89ರಿಂದ 73.40ಕ್ಕೆ ಇಳಿಯಿತು. ಅದೂ ಹಿಂದೆಂದೂ ಇಲ್ಲದಷ್ಟು ಕೃಪಾಂಕ ಕೊಟ್ಟ ಮೇಲೆ. ಉಡುಪಿ ಮೊದಲ ಸ್ಥಾನಕ್ಕೆ ಹೋಯಿತು, ನಾವು ಪಟ್ಟಿಯಲ್ಲಿ ಬಹಳ ಕೆಳಗೆ ಬಂದೆವು. ಪಾಠ ಮಾಡಿದವರು ಅದೇ ಮೇಷ್ಟ್ರುಗಳು. ಪುಸ್ತಕ ಅದೇ, ಊರು ಅದೇ, ಮಕ್ಕಳ ಮನೆಯ ಕಷ್ಟವೂ ಅದೇ. ಆದರೆ ಹಿಂದಿನ ವರ್ಷ ಶಾಲು ಹೊದಿಸಿಕೊಂಡವರು ಈ ವರ್ಷ ಸಭೆಯಲ್ಲಿ ಎದ್ದು ನಿಂತು ಕಾರಣ ಹೇಳಬೇಕಾಯಿತು.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ದುರ್ಗದಲ್ಲಿ ಮನೆ, ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲೆ. ಈ ಕೆಲಸವನ್ನು ನಾನು ಪ್ರೀತಿಸುತ್ತೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಸುತ್ತ ಇರುವ ಒಳ್ಳೆಯ ಶಿಕ್ಷಕರು ಒಬ್ಬೊಬ್ಬರಾಗಿ ಒಳಗೊಳಗೇ ಖಾಲಿಯಾಗುತ್ತಿದ್ದಾರೆ. ಅವರಿಗೆ ಸಿಗುತ್ತಿರುವ ಉತ್ತರ ಮಾತ್ರ ಒಂದೇ: ಸ್ವಲ್ಪ ಧ್ಯಾನ ಮಾಡಿ, ಪಾಸಿಟಿವ್ ಆಗಿರಿ. ಕೆಲಸ ಹೇರುವ ರೀತಿಯಲ್ಲೇ ಇರುವ ತೊಂದರೆಯನ್ನು ಶಿಕ್ಷಕರ ಮನಸ್ಸಿನ ದೌರ್ಬಲ್ಯ ಅಂತ ನೋಡುತ್ತಿರುವವರೆಗೆ ಇದು ಸರಿಹೋಗುವುದಿಲ್ಲ ಅನ್ನುವುದು ನನ್ನ ನಂಬಿಕೆ.

ಬರ್ನ್‌ಔಟ್ ಅನ್ನುವ ಮಾತು ಈಗ ನಮ್ಮ ಸ್ಟಾಫ್ ರೂಮಿನಲ್ಲೂ ಓಡಾಡುತ್ತದೆ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಇದರ ಬಗ್ಗೆ ಬರೆದರು. ಅವರು ನೋಡಿದ್ದು ಬಡವರಿಗಾಗಿ ನಡೆಯುತ್ತಿದ್ದ ಉಚಿತ ಕ್ಲಿನಿಕ್‌ನಲ್ಲಿ ದುಡಿಯುತ್ತಿದ್ದವರನ್ನು. ದುಡ್ಡಿಗಾಗಿ ಬಂದವರಲ್ಲ ಅವರು, ಸೇವೆ ಅಂತ ಬಂದವರು. ಬೇಗ ಬಳಲಿದ್ದೂ ಅವರೇ. ಈ ಒಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಗಂಟೆ ಹೊಡೆದ ತಕ್ಷಣ ಬ್ಯಾಗ್ ಎತ್ತಿಕೊಂಡು ಹೋಗುವವರಿಗಿಂತ, ಸಂಜೆ ಕೂತು ಹಿಂದುಳಿದ ಮಕ್ಕಳಿಗೆ ನಕ್ಷೆ ಬಿಡಿಸುವುದನ್ನು ಕಲಿಸುವವರಿಗೇ ಇದು ಮೊದಲು ಹತ್ತಿಕೊಳ್ಳುತ್ತದೆ.

ಆಮೇಲೆ ಮನಶ್ಶಾಸ್ತ್ರಜ್ಞೆಯರಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಒಂದು ಪ್ರಶ್ನಾವಳಿ ಮಾಡಿದರು. ಶಿಕ್ಷಕರಿಗೆ ಅಂತಲೇ ಅದರ ಬೇರೆ ರೂಪವೂ ಬಂತು. ಅವರು ಮೂರು ಎಳೆ ಗುರುತಿಸುತ್ತಾರೆ. ಮೊದಲನೆಯದು ಭಾವನೆಗಳೆಲ್ಲ ಬತ್ತಿಹೋಗುವಷ್ಟು ಸುಸ್ತು. ಎರಡನೆಯದು ಯಾರಿಗಾಗಿ ಕೆಲಸ ಮಾಡುತ್ತೇವೋ ಅವರಿಂದಲೇ ಮನಸ್ಸು ದೂರ ಸರಿಯುವುದು. ಮಕ್ಕಳ ಹೆಸರು ಹೋಗಿ 'ಸಿ ಗ್ರೂಪಿನವರು', 'ಪಾಸಿಂಗ್ ಪ್ಯಾಕೇಜ್‌ನವರು' (ಪಾಸಾಗುವಷ್ಟು ಮಾತ್ರ ಕಲಿಸಿದರೆ ಸಾಕು ಅನ್ನಿಸಿಕೊಂಡವರು) ಅಂತ ಆಗುವುದು. ಮೂರನೆಯದು ನಾನು ಏನು ಮಾಡಿದರೂ ಅಷ್ಟೇ ಅನ್ನುವ ಭಾವ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಬಗ್ಗೆ ಸ್ಪಷ್ಟವಾಗಿ ಹೇಳಿದೆ. ಅದು ಕಾಯಿಲೆ ಅಲ್ಲ. ಸರಿಯಾಗಿ ನಿಭಾಯಿಸದೆ ಉಳಿದುಹೋದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ. ಅಂದರೆ ಅದರ ಬೇರು ಕೆಲಸದ ಜಾಗದಲ್ಲಿದೆ.

ಒತ್ತಡಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಪರೀಕ್ಷೆ ಹತ್ತಿರ ಬಂದಾಗ ಎಲ್ಲರಿಗೂ ಒತ್ತಡ ಇರುತ್ತದೆ. ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದರೆ, ಊರಿಗೆ ಹೋಗಿ ಬಂದರೆ ಇಳಿಯುತ್ತದೆ. ಬರ್ನ್‌ಔಟ್ ಹಾಗೆ ಇಳಿಯುವುದಿಲ್ಲ. ರಜೆ ಮುಗಿಸಿ ಬಂದ ಮೊದಲ ದಿನವೇ, ಪ್ರಾರ್ಥನೆಗೆ ನಿಂತಾಗಲೇ, ಸಾಕಪ್ಪಾ ಅನ್ನಿಸುತ್ತದೆ.

ಆದರೆ ನಮಗೆ ರಜೆ ಅನ್ನುವುದಾದರೂ ಎಲ್ಲಿ ಉಳಿದಿದೆ? 2025ರ ದಸರಾ ರಜೆಯನ್ನೇ ನೋಡಿ. ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆ ಮನೆಗೆ ಹೋದವರು ಶಿಕ್ಷಕರು. ಒಂದೊಂದು ಮನೆಯಲ್ಲಿ 60 ಪ್ರಶ್ನೆ. ಆ್ಯಪ್ ತೆರೆಯುವುದಿಲ್ಲ, ತೆರೆದರೆ ಓಟಿಪಿ ಬರುವುದಿಲ್ಲ. ತೋಟದ ಮನೆಗಳ ಕಡೆ ನೆಟ್‌ವರ್ಕೇ ಇಲ್ಲ. ಬಾಗಿಲಲ್ಲಿ ನಿಂತ ಜನರ ಅಸಮಾಧಾನ ಬೇರೆ. ಕೆಲಸ ಮುಗಿಯಲಿಲ್ಲ ಅಂತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಸಮೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಸಮಾಜ ವಿಜ್ಞಾನದವಳಾಗಿ ಅಂಥ ಅಂಕಿಅಂಶ ಎಷ್ಟು ಬೇಕು ಅಂತ ನನಗೆ ಚೆನ್ನಾಗಿ ಗೊತ್ತು. ನಾನು ಹೇಳುವುದು ಇಷ್ಟೇ: ಆ ವರ್ಷ ಶಿಕ್ಷಕರು ದಸರಾ ಮುಗಿಸಿ ವಾಪಸ್ ಬಂದಾಗ ಹೋದಾಗಿನಕ್ಕಿಂತ ಜಾಸ್ತಿ ದಣಿದಿದ್ದರು. ಬಂದ ತಕ್ಷಣ ತಪ್ಪಿಹೋದ ಪಾಠಗಳನ್ನು ತುಂಬಿಸಬೇಕಿತ್ತು.

ಬೇಸಿಗೆಯ ಕಥೆಯೂ ಇದೇ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಬಂತು. ಮಕ್ಕಳ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡು, ಇದನ್ನು ಮನಸ್ಸಿನಿಂದ ಹೇಳುತ್ತೇನೆ. ಮೊದಲೆಲ್ಲ ಗಣಿತದಲ್ಲಿ ಹೋದ ಹುಡುಗಿ ಎಷ್ಟೋ ಸಲ ಮನೆಯಲ್ಲೇ ಉಳಿದು, ಮದುವೆಯಾಗಿ, ಅಲ್ಲಿಗೆ ಓದು ಮುಗಿದುಹೋಗುತ್ತಿತ್ತು. ಈಗ ಅವಳಿಗೆ ಅದೇ ವರ್ಷ ಕಾಲೇಜು ಸೇರುವ ಅವಕಾಶ ಜಾಸ್ತಿ. ಆದರೆ ಎರಡನೇ ಪರೀಕ್ಷೆಗೆ ಅವಳನ್ನು ತಯಾರು ಮಾಡುವುದು ಯಾರು? ಬೇಸಿಗೆ ರಜೆಯಲ್ಲಿ ವಿಶೇಷ ತರಗತಿ ಮಾಡಿ ಅಂದಾಗ ಶಿಕ್ಷಕರ ಸಂಘಗಳು ವಿರೋಧಿಸಿದವು. ಮೇಷ್ಟ್ರಿಗೆ ಕೆಲಸ ಮಾಡಲು ಸೋಮಾರಿತನ ಅಂತ ಜನ ಆಡಿಕೊಂಡರು. ಒಳ್ಳೆಯ ಯೋಜನೆಯೊಂದನ್ನು ತಂದಾಗ ಅದನ್ನು ಹೊರುವ ಕೈಗಳಿಗೂ ಲೆಕ್ಕ ಇಡಬೇಕು ಅಲ್ವಾ?

ಇನ್ನು ದಿನದ ಕೆಲಸ. ಸಮಾಜ ವಿಜ್ಞಾನ ಅಂದರೆ ಒಂದು ವಿಷಯ ಅಂತ ಹೊರಗಿನವರಿಗೆ ಅನ್ನಿಸುತ್ತದೆ. ನಮ್ಮ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಇವೆ. ಪಾಠ ಮಾಡುವುದು ಕಷ್ಟ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಹೈರಾಣ ಮಾಡುವುದು ಪಾಠದ ಸುತ್ತ ಇರುವ ಕೆಲಸ. ಮಕ್ಕಳ ವಿವರ ಇಡುವ ಸ್ಯಾಟ್ಸ್ ಆನ್‌ಲೈನ್ ತಾಣದಲ್ಲಿ ಅಂಕ ತುಂಬಬೇಕು, ಶಾಲೆಯ ಅಂಕಿಅಂಶ ಕೇಳುವ ಯುಡೈಸ್ ತುಂಬಬೇಕು, ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಯ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಹೆಸರಿನ ತಿದ್ದುಪಡಿ. ಎಷ್ಟೋ ಪ್ರೌಢಶಾಲೆಗಳಲ್ಲಿ ಗುಮಾಸ್ತರ ಹುದ್ದೆ ಖಾಲಿ. ಆ ಕೆಲಸವೆಲ್ಲ ಕಂಪ್ಯೂಟರ್ ಗೊತ್ತಿರುವ ಒಬ್ಬ ಶಿಕ್ಷಕರ ತಲೆಗೆ ಬರುತ್ತದೆ. ಸಾಮಾನ್ಯವಾಗಿ ಅದು ಶಾಲೆಯ ಅತಿ ಕಿರಿಯ ಶಿಕ್ಷಕಿ.

ಇದೆಲ್ಲದರ ಮೇಲೆ ವಾಟ್ಸ್‌ಆ್ಯಪ್ ಗ್ರೂಪು. ರಾತ್ರಿ ಊಟಕ್ಕೆ ಕೂತಾಗ ಬರುತ್ತದೆ: ನಾಳೆ ಬೆಳಗ್ಗೆ 11ರ ಒಳಗೆ ಜಾತಿವಾರು, ಲಿಂಗವಾರು ಮಾಹಿತಿ ಕಳಿಸಿ, 'ತುಂಬಾ ತುರ್ತು'. ಹೋದ ವಾರ ಕಳಿಸಿದ್ದ ಮಾಹಿತಿಯೇ, ಫಾರ್ಮ್ಯಾಟ್ ಮಾತ್ರ ಬೇರೆ. ಅದು ಬರೀ ಹತ್ತು ನಿಮಿಷದ ಕೆಲಸ ಇರಬಹುದು. ಆದರೆ ಆ ರಾತ್ರಿ ಪೂರ್ತಿ ಮನಸ್ಸು ಶಾಲೆಯಲ್ಲೇ ಇರುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನೆ ಸೊನ್ನೆಂಟಾಗ್ ಈ ವಿಷಯದ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮನೆಗೆ ಬಂದ ಮೇಲೆ ಕೆಲಸದಿಂದ ಮನಸ್ಸು ಬಿಡಿಸಿಕೊಂಡರೆ ಮರುದಿನಕ್ಕೆ ಶಕ್ತಿ ಚೆನ್ನಾಗಿ ತುಂಬಿಕೊಳ್ಳುತ್ತದೆ ಅನ್ನುತ್ತಾರೆ. ದೇಹ ಸೋಫಾದ ಮೇಲಿದ್ದು ಮನಸ್ಸು ಫೋನಿನಲ್ಲಿದ್ದರೆ ಅದು ವಿಶ್ರಾಂತಿ ಅಲ್ಲ.

1979ರಲ್ಲಿ ಕೆಲಸದ ಒತ್ತಡದ ಸಂಶೋಧಕ ರಾಬರ್ಟ್ ಕರಾಸೆಕ್ ಇನ್ನೊಂದು ವಿಷಯ ಹೇಳಿದ್ದರು. ಕೆಲಸ ಎಷ್ಟಿದೆ ಅನ್ನುವುದರ ಜೊತೆಗೆ, ಆ ಕೆಲಸವನ್ನು ಹೇಗೆ ಮಾಡಬೇಕು ಅಂತ ತೀರ್ಮಾನಿಸುವ ಸ್ವಾತಂತ್ರ್ಯ ಎಷ್ಟಿದೆ ಅನ್ನುವುದನ್ನೂ ನೋಡಬೇಕು. ಕೆಲಸ ಜಾಸ್ತಿ ಇದ್ದು ಹಿಡಿತ ಕಡಿಮೆ ಇದ್ದರೆ ಮನುಷ್ಯ ಕುಸಿಯುತ್ತಾನೆ. ಹತ್ತನೇ ಕ್ಲಾಸಿನ ಶಿಕ್ಷಕರ ಸ್ಥಿತಿ ಸರಿಯಾಗಿ ಇದೇ. ಯಾವ ವಾರ ಯಾವ ಪಾಠ, ಯಾವ ದಿನ ಸರಣಿ ಪರೀಕ್ಷೆ, ಯಾವ ಪ್ರಶ್ನೆ ಎಷ್ಟು ಸಲ ಬರೆಸಬೇಕು, ಎಲ್ಲವೂ ಮೇಲಿಂದ ಬರುತ್ತದೆ. ಫಲಿತಾಂಶದ ಜವಾಬ್ದಾರಿ ಮಾತ್ರ ಪೂರ್ತಿ ನಮ್ಮದು. ಶೇಂಗಾ ಕೀಳುವ ಕಾಲಕ್ಕೆ ಮಕ್ಕಳು ಶಾಲೆಗೆ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಬೆಂಗಳೂರಿಗೋ ಕಾಫಿ ತೋಟಕ್ಕೋ ಗುಳೆ ಹೋದರೆ ಹುಡುಗ ಅಜ್ಜಿ ಹತ್ತಿರ ಉಳಿದು ಮನೆ ನೋಡಿಕೊಳ್ಳುತ್ತಾನೆ. ಅವನು ನಪಾಸಾದರೆ ಪಟ್ಟಿಯಲ್ಲಿ ಕಾಣುವುದು ವಿಷಯ ಶಿಕ್ಷಕರ ಹೆಸರು. ಅವನ ಹೊಲ ಕಾಣುವುದಿಲ್ಲ.

ಅಂಕದ ಮಾತು ಬಿಡೋಣ. ಈ ಕೆಲಸದಲ್ಲಿ ಇನ್ನೊಂದು ಭಾರ ಇದೆ. ಅದರ ಬಗ್ಗೆ ಯಾವ ಸಭೆಯಲ್ಲೂ ಚರ್ಚೆ ಆಗುವುದಿಲ್ಲ. ಹದಿಮೂರರಿಂದ ಹದಿನಾರರ ವಯಸ್ಸಿನ ಮಕ್ಕಳು ತಮ್ಮ ಕಷ್ಟವನ್ನು ಮನೆಯಲ್ಲಿ ಹೇಳುವುದಿಲ್ಲ, ನಮ್ಮ ಹತ್ತಿರ ಹೇಳುತ್ತಾರೆ. ಅಪ್ಪ ಕುಡಿದು ಬಂದು ಹೊಡೆದದ್ದು. ಅಮ್ಮನಿಗೆ ಹುಷಾರಿಲ್ಲದ್ದು. ಒಮ್ಮೆ ಒಬ್ಬ ಹುಡುಗಿ ಕಾರಿಡಾರಿನಲ್ಲಿ ನನ್ನ ಸೆರಗು ಎಳೆದು, 'ಮಿಸ್, ಅವಳಿಗೆ ಮದುವೆ ಗೊತ್ತಾಗಿದೆ, ನಾನು ಹೇಳ್ದೆ ಅಂತ ಹೇಳ್ಬೇಡಿ' ಅಂದಳು. ಒಂಬತ್ತನೇ ತರಗತಿಯ ಹುಡುಗಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, ಮಾಡಿದೆವು. ಮದುವೆ ನಿಂತಿತು. ಆಮೇಲೆ ಊರಿನ ಕೆಲವರು ಬಸ್ ಸ್ಟ್ಯಾಂಡಿನಲ್ಲಿ ನಮ್ಮನ್ನು ನೋಡಿದ ರೀತಿ ಬೇರೆ. ಆ ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸದ ಹಾಗೆ ನೋಡಿಕೊಳ್ಳುವುದು, ಅವಳ ತಾಯಿಯ ಸಿಟ್ಟನ್ನು ಕೇಳಿಸಿಕೊಳ್ಳುವುದು, ಯಾರು ಹೇಳಿದ್ದು ಅನ್ನುವ ಗುಟ್ಟು ಕಾಪಾಡುವುದು, ಇದೆಲ್ಲ ತಿಂಗಳುಗಟ್ಟಲೆ ನಡೆಯಿತು. ಆ ಹುಡುಗಿಗಾಗಿ ಇದನ್ನೆಲ್ಲ ಮತ್ತೆ ಮಾಡಲು ನಾನು ಸಿದ್ಧ. ಆದರೆ ಇಂಥ ದಿನ ಮುಗಿಸಿ ಬಂದ ಶಿಕ್ಷಕಿಗೆ, ನಿಮಗೆ ಹೇಗಿದೆ ಅಂತ ಕೇಳುವ ವ್ಯವಸ್ಥೆ ನಮ್ಮಲ್ಲಿ ಎಲ್ಲೂ ಇಲ್ಲ.

ದೇಹದ ಬಗ್ಗೆಯೂ ಹೇಳಬೇಕು. ದಿನಕ್ಕೆ ಐದಾರು ಪೀರಿಯಡ್ ಗಟ್ಟಿಯಾಗಿ ಮಾತಾಡಿದರೆ ಗಂಟಲು ಕೂರುತ್ತದೆ. ವರ್ಷಗಟ್ಟಲೆ ಹಾಗೇ ಆದರೆ ಸ್ವರತಂತುಗಳಲ್ಲಿ ಗಂಟು ಕಟ್ಟಿಕೊಳ್ಳುವುದೂ ಉಂಟು. ಹಳ್ಳಿ ಶಾಲೆಗಳ ಶಿಕ್ಷಕಿಯರು ಬೆಳಗ್ಗೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಕಾರಣ, ಬಳಸುವ ಹಾಗಿರುವ ಶೌಚಾಲಯ ಇಲ್ಲ. ಬೇಸಿಗೆಯ ಬಿಸಿಲಲ್ಲಿ ನೀರು ಕುಡಿಯದೆ ದಿನ ಕಳೆದರೆ ತಲೆನೋವು, ಉರಿಮೂತ್ರ, ಸೋಂಕು. ಈ ತೊಂದರೆಗೆ ಪ್ರಾಣಾಯಾಮ ಉತ್ತರವಲ್ಲ. ಚಿಲಕ ಇರುವ ಬಾಗಿಲು, ನಲ್ಲಿಯಲ್ಲಿ ನೀರು, ಇವು ಉತ್ತರ. ಒತ್ತಡ ನಿರ್ವಹಣೆ ಅನ್ನುವ ಪಟ್ಟಿಯಲ್ಲಿ ಶೌಚಾಲಯವೂ ಇರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಯೋಗ, ಧ್ಯಾನ, ನಡಿಗೆಯ ವಿರುದ್ಧ ನನಗೆ ಏನೂ ಇಲ್ಲ. ಬೆಳಗ್ಗೆ ಬೇಗ ಎದ್ದು ಚಂದ್ರವಳ್ಳಿ ಕಡೆ ನಡೆದು ಬಂದ ದಿನ ನನ್ನ ತಾಳ್ಮೆ ಹೆಚ್ಚಿರುತ್ತದೆ, ಇದು ನಿಜ. ದಾವಣಗೆರೆಯಲ್ಲಿರುವ ನನ್ನ ಗೆಳತಿ ಕುಂದುವಾಡ ಕೆರೆ ಏರಿಯ ಮೇಲೆ ನಡೆಯುವುದನ್ನು ಬಿಟ್ಟಿದ್ದರೆ ಕೆಲಸವನ್ನೇ ಬಿಡುತ್ತಿದ್ದೆ ಅನ್ನುತ್ತಾಳೆ. ಆದರೆ ಒತ್ತಡ ನಿರ್ವಹಣೆಯ ತರಬೇತಿಯನ್ನು ಶನಿವಾರ ಮಧ್ಯಾಹ್ನ ಇಟ್ಟು, ಇದ್ದ ಅರ್ಧ ದಿನವನ್ನೂ ತೆಗೆದುಕೊಂಡರೆ ಆ ತರಬೇತಿಯಿಂದ ಯಾರಿಗೆ ಏನು ಸಿಗುತ್ತದೆ? ಸೋರುತ್ತಿರುವ ಕೊಡಕ್ಕೆ ದಿನಾ ನೀರು ತುಂಬಿದ ಹಾಗೆ ಅದು. ತೂತು ಮುಚ್ಚುವ ಕೆಲಸ ಹಾಗೇ ಉಳಿದಿದೆ.

ಆ ಗೆಳತಿಯ ಬಗ್ಗೆ ಸ್ವಲ್ಪ ಹೇಳಬೇಕು. ಅವಳು ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗಣಿತ ಟೀಚರ್. ನನಗಾದರೂ ತಿಂಗಳ ಕೊನೆಗೆ ಸಂಬಳ ಗ್ಯಾರಂಟಿ. ಅವಳಿಗೆ ಬೇಸಿಗೆಯಲ್ಲಿ ಪೂರ್ತಿ ಸಂಬಳ ಇಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ಕರಪತ್ರ ಹಿಡಿದು ಮನೆ ಮನೆಗೆ ಹೋಗಿ ನಮ್ಮ ಶಾಲೆಗೆ ಮಕ್ಕಳನ್ನು ಸೇರಿಸಿ ಅಂತ ಕೇಳಬೇಕು. ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕರದ್ದು ಇನ್ನೊಂದು ಕಷ್ಟ. ಹತ್ತು ಹನ್ನೆರಡು ಸಾವಿರದ ಗೌರವಧನ, ಅದೂ ತಡವಾಗಿ. ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಪಾಠದ ಹೊರೆ ನಮ್ಮಷ್ಟೇ, ಕೆಲವು ಕಡೆ ನಮಗಿಂತ ಜಾಸ್ತಿ. ಶಿಕ್ಷಕರ ಒತ್ತಡದ ಬಗ್ಗೆ ಮಾತಾಡುವಾಗ ಇವರನ್ನು ಬಿಟ್ಟು ಮಾತಾಡುವುದು ಅನ್ಯಾಯ.

ಮಾಸ್ಲಾಕ್ ಮುಂದೆ ಮೈಕೆಲ್ ಲೈಟರ್ ಜೊತೆ ಸೇರಿ, ಬರ್ನ್‌ಔಟ್ ಎಲ್ಲಿಂದ ಬರುತ್ತದೆ ಅಂತ ಹುಡುಕಿದಾಗ ಕೆಲಸದ ಹೊರೆ ಮತ್ತು ಹಿಡಿತದ ಜೊತೆಗೆ ಮನ್ನಣೆ, ಒಡನಾಟ, ನ್ಯಾಯ, ಮೌಲ್ಯಗಳನ್ನೂ ಸೇರಿಸಿದರು. ಮನ್ನಣೆಯ ವಿಷಯ ಓದಿದಾಗ ನನಗೆ ನೆನಪಾದದ್ದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಾತು: 'ಮಾಡಿದಷ್ಟು ನೀಡು ಭಿಕ್ಷೆ'. ಈ ಭಾಗದಲ್ಲಿ ಕೆರೆಗಳನ್ನು ಕಟ್ಟಿಸಿದ ಸಂತ ಅವರು. ಕೆಲಸ ಮಾಡಿದವರಿಗೆ ಮಾಡಿದಷ್ಟು ಸಿಗಬೇಕು ಅನ್ನುವುದು ಅವರ ನ್ಯಾಯ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬರುವ ಹೊತ್ತಿಗೇ ಅವರ ಜಾತ್ರೆ. ತೇರಿನ ಮಾರನೇ ದಿನ ಅರ್ಧ ತರಗತಿ ಖಾಲಿ ಇರುತ್ತದೆ, ಆದರೂ ನನಗೆ ಆ ಜಾತ್ರೆ ಅಂದರೆ ಇಷ್ಟ. ಶಿಕ್ಷಕ ವೃತ್ತಿ ಪವಿತ್ರ, ಅದು ಸೇವೆ ಅಂತ ನಮಗೆ ಸದಾ ಹೇಳುತ್ತಾರೆ. ಸೇವೆ ಅನ್ನುವ ಮಾತನ್ನು ಇನ್ನಷ್ಟು ಕೆಲಸ ಹೇರಲು ಬಳಸಿದಾಗ ನೋವಾಗುತ್ತದೆ. ಕಾಯಕವನ್ನು ದೊಡ್ಡದು ಅಂದ ನಾಡು ಇದು. ಕಾಯಕ ಮಾಡುವವರ ಪಾಲನ್ನೂ ಅಷ್ಟೇ ಗಟ್ಟಿಯಾಗಿ ಹೇಳಿದ ನಾಡು.

ದೊಡ್ಡ ಬದಲಾವಣೆ ನಮ್ಮ ಕೈಯಲ್ಲಿಲ್ಲ. ಜಿಲ್ಲೆಗಳಿಗೆ ರ‍್ಯಾಂಕ್ ಕೊಡುವುದನ್ನು ನಿಲ್ಲಿಸಬೇಕು ಅಂತ ನಾನು ಎಷ್ಟು ಹೇಳಿದರೂ ಫಲಿತಾಂಶದ ಜೊತೆ ಪಟ್ಟಿ ಬಂದೇ ಬರುತ್ತದೆ. 2027ರ ಜನಗಣತಿಯ ಎಣಿಕೆ ಫೆಬ್ರವರಿಯಲ್ಲಿ, ಅಂದರೆ ಪುನರಾವರ್ತನೆ ಜೋರಾಗಿ ನಡೆಯುವ ಹೊತ್ತಿನಲ್ಲಿ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಶಿಕ್ಷಣಕ್ಕೆ ಸಂಬಂಧಿಸದ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಆ ಮೂರು ಕೆಲಸಗಳೇ ಸಾಕಷ್ಟಿವೆ. ಉಳಿದವನ್ನಾದರೂ ಕಡಿಮೆ ಮಾಡಿ ಅಂತ ಸಂಘಗಳು ಕೇಳುತ್ತಲೇ ಇರಬೇಕು.

ಆದರೆ ಒಂದು ಶಾಲೆಯ ಒಳಗೆ ಎಷ್ಟೋ ಮಾಡಬಹುದು. ನಮ್ಮ ಎಚ್‌ಎಂ (ಮುಖ್ಯ ಶಿಕ್ಷಕರು) ಬಂದ ಮೇಲೆ ಇದನ್ನು ಕಣ್ಣಾರೆ ನೋಡಿದೆ. ಅವರು ಮೊದಲು ಮಾಡಿದ್ದು ಶಾಲೆಯ ಗ್ರೂಪಿನಲ್ಲಿ ಸಂಜೆ ಆರರ ಮೇಲೆ ಮೆಸೇಜ್ ಹಾಕಬಾರದು ಅನ್ನುವ ನಿಯಮ. ಮೇಲಿಂದ ಬರುವ 'ತುರ್ತು'ಗಳನ್ನು ಅವರೇ ಮೊದಲು ಓದುತ್ತಾರೆ. ನಿಜವಾಗಿ ತುರ್ತಾಗಿದ್ದರೆ ಮಾತ್ರ ಸಂಬಂಧಪಟ್ಟ ಒಬ್ಬರಿಗೆ ಫೋನ್ ಮಾಡುತ್ತಾರೆ. ಎರಡನೆಯದು, ಪದೇ ಪದೇ ಕೇಳುವ ಅಂಕಿಅಂಶಗಳನ್ನೆಲ್ಲ ಜೂನ್‌ನಲ್ಲೇ ಒಂದು ಕಡೆ ತುಂಬಿಸಿ ಇಟ್ಟರು. ಯಾವ ಫಾರ್ಮ್ಯಾಟ್ ಬಂದರೂ ಅಲ್ಲಿಂದ ಎತ್ತಿ ಕಳಿಸುವುದು. ಈ ಕೆಲಸವನ್ನು ಒಬ್ಬರ ತಲೆಗೆ ಕಟ್ಟದೆ ತಿಂಗಳಿಗೊಬ್ಬರಂತೆ ಹಂಚಿದರು. ಐವತ್ತು ದಾಟಿದ ಹಿಂದಿ ಮೇಷ್ಟ್ರು ಸ್ಯಾಟ್ಸ್ ತುಂಬುವುದನ್ನು ಕಲಿತು, 'ಇಷ್ಟೇನಾ' ಅಂದರು. ಸರಣಿ ಪರೀಕ್ಷೆಯ ಒಂದು ಅಂಕದ ಪ್ರಶ್ನೆಗಳನ್ನು ಮಕ್ಕಳೇ ಅದಲುಬದಲು ಮಾಡಿಕೊಂಡು ತಿದ್ದುತ್ತಾರೆ. ನಾವು ದೊಡ್ಡ ಉತ್ತರಗಳನ್ನು ಮಾತ್ರ ನೋಡುತ್ತೇವೆ. ಮನೆಗೆ ಹೊತ್ತೊಯ್ಯುವ ಕಟ್ಟು ಅರ್ಧಕ್ಕೆ ಇಳಿದಿದೆ.

ಬಸ್ಸಿನ ಒಡನಾಟವೂ ಸಣ್ಣದಲ್ಲ. ಚಳ್ಳಕೆರೆ ಬಸ್ಸಿನಲ್ಲಿ ಬೇರೆ ಬೇರೆ ಶಾಲೆಗಳ ನಾವೆಲ್ಲ ಒಟ್ಟಿಗೆ ಹೋಗುತ್ತೇವೆ. ಅಲ್ಲಿ ಅತ್ತವರಿದ್ದಾರೆ, ಜಗಳ ತೋಡಿಕೊಂಡವರಿದ್ದಾರೆ. ಯಾರೂ ಬುದ್ಧಿ ಹೇಳುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತಾರೆ. ತನಗೊಬ್ಬಳಿಗೇ ಹೀಗಾಗುತ್ತಿಲ್ಲ ಅಂತ ಗೊತ್ತಾಗುವುದೇ ಎಷ್ಟೋ ಹಗುರ.

ಆದರೆ ಮಾತಿನಿಂದ ಹೋಗದ ಹಂತವೂ ಇದೆ. ನಿದ್ದೆ ವಾರಗಟ್ಟಲೆ ಬರದಿದ್ದರೆ, ಶಾಲೆ ಮಾತ್ರವಲ್ಲ ಮನೆ, ಊಟ, ಸ್ವಂತ ಮಕ್ಕಳೂ ಬೇಡ ಅನ್ನಿಸಿದರೆ, ಬದುಕೇ ಬೇಡ ಅನ್ನುವ ಯೋಚನೆ ಸುಳಿದರೆ ಅದು ಖಿನ್ನತೆ ಇರಬಹುದು. ಆಗ ವೈದ್ಯರನ್ನೇ ನೋಡಬೇಕು. 14416 ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ. ಊರಲ್ಲಿ ಯಾರಾದರೂ ನೋಡಿದರೆ ಅಂತ ಹೆದರಿ ಎಷ್ಟೋ ಶಿಕ್ಷಕರು ಹೋಗುವುದಿಲ್ಲ. ದಯವಿಟ್ಟು ಹೋಗಿ.

ನಮ್ಮ ಶಾಲೆಯಲ್ಲೇ ಒಬ್ಬರು ಹೋದರು. ನನ್ನದೇ ವಿಷಯದ ಹಿರಿಯರು, ಅಕ್ಕ ಅಂತಲೇ ಕರೆಯುತ್ತೇನೆ. ಅವರು ಒಪ್ಪಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸಿಗೆ ವರ್ಷಗಳಿಂದ ಅವರದೇ ಪಾಠ. ಜೋರಾಗಿ ನಗುತ್ತಿದ್ದ ಹೆಂಗಸು ಮಾತು ಕಡಿಮೆ ಮಾಡಿದರು. ಆಮೇಲೆ ಮಕ್ಕಳ ಮೇಲೆ ರೇಗತೊಡಗಿದರು. ಒಂದು ದಿನ ಊಟದ ಡಬ್ಬಿ ತೆರೆದು, 'ನನಗೆ ಈ ಮಕ್ಕಳ ಮೇಲೆ ಏನೂ ಅನ್ನಿಸ್ತಾ ಇಲ್ಲ ಕಣೇ, ಪಾಸಾದ್ರೂ ಅಷ್ಟೇ, ಫೇಲಾದ್ರೂ ಅಷ್ಟೇ' ಅಂದರು. ಅವರಿಗೆ ಅತಿ ಜಾಸ್ತಿ ಭಯ ಹುಟ್ಟಿಸಿದ್ದು ಅದೇ. ವೈದ್ಯರನ್ನು ಕಂಡರು, ರಜೆ ಹಾಕಿದರು, ಮಾತ್ರೆ ತೆಗೆದುಕೊಂಡರು. ನಿಧಾನಕ್ಕೆ ಸುಧಾರಿಸಿದರು.

ವಾಪಸ್ ಬಂದಾಗ ಎಚ್‌ಎಂ ಕೇಳಿದ ಪ್ರಶ್ನೆ, 'ಏನು ಬದಲಾದರೆ ನಿಮಗೆ ಅನುಕೂಲ ಆಗುತ್ತೆ ಮೇಡಂ?' ಅಕ್ಕ ಎಂಟನೇ ತರಗತಿ ಕೇಳಿದರು. ನಮ್ಮದು ಎರಡೆರಡು ಸೆಕ್ಷನ್ ಇರುವ ಶಾಲೆ, ಸಮಾಜ ವಿಜ್ಞಾನಕ್ಕೆ ಇಬ್ಬರಿದ್ದೇವೆ, ಅದಕ್ಕೆ ಇದು ಸಾಧ್ಯವಾಯಿತು. ವಿಷಯಕ್ಕೊಬ್ಬರೇ ಇರುವ ಶಾಲೆಗಳೇ ಜಾಸ್ತಿ, ಅಲ್ಲಿ ಈ ದಾರಿ ಇಲ್ಲ ಅನ್ನುವುದು ನನ್ನನ್ನು ಚುಚ್ಚುತ್ತದೆ. ಅಕ್ಕ ಈಗ ಎಂಟನೆಯವರಿಗೆ ನಕ್ಷೆ ಓದುವುದನ್ನು ಕಲಿಸುತ್ತಿದ್ದಾರೆ. ಯಾವ ಪಟ್ಟಿಗೂ ಹೋಗದ ಪಾಠ. ಅವರ ಹತ್ತನೇ ಕ್ಲಾಸು ನನ್ನ ಪಾಲಿಗೆ ಬಂದಿದೆ. ಎರಡು ವರ್ಷಕ್ಕೊಮ್ಮೆ ನಾವಿಬ್ಬರೂ ಅದಲುಬದಲು ಮಾಡಿಕೊಳ್ಳುವುದು ಅಂತ ಮಾತಾಗಿದೆ. ಎಚ್‌ಎಂ ಅದನ್ನು ಸ್ಟಾಫ್ ಮೀಟಿಂಗ್ ಪುಸ್ತಕದಲ್ಲಿ ಬರೆಸಿ ಎಲ್ಲರ ಸಹಿ ಹಾಕಿಸಿದ್ದಾರೆ, ತಾವು ವರ್ಗವಾಗಿ ಹೋದರೂ ಮುಂದೆ ಬರುವವರು ಇದನ್ನು ಮುರಿಯಬಾರದು ಅಂತ.